ನೀಟ್: ಅಳತೆಗೋಲು ಒಂದೇ, ನೆಲ ಸಮತಟ್ಟೇ?

ಸಂಘದ ಕಾರ್ಯಕ್ರಮಗಳಲ್ಲಿ ಊಟಕ್ಕೆ ಕುಳಿತಾಗ ಯಾರಾದರೂ ಪಕ್ಕಕ್ಕೆ ಬಂದು ಕೇಳುವುದುಂಟು: "ಡಾಕ್ಟ್ರೇ, ಈ ನೀಟ್ ನಮ್ಮ ಮಕ್ಕಳಿಗೆ ನ್ಯಾಯವೇ?" ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ.

ಹಿಂದೆ ವೈದ್ಯಕೀಯ ಸೀಟಿಗಾಗಿ ಸಿಇಟಿ, ಕಾಮೆಡ್-ಕೆ, ಡೀಮ್ಡ್ ವಿಶ್ವವಿದ್ಯಾಲಯಗಳ ಪರೀಕ್ಷೆ ಎಂದು ಮಕ್ಕಳು ಊರೂರು ಅಲೆಯಬೇಕಿತ್ತು. 2013ರಲ್ಲಿ ಬಂದ ನೀಟ್ ಅದೇ ವರ್ಷ ಸುಪ್ರೀಂ ಕೋರ್ಟಿನಲ್ಲಿ ರದ್ದಾಗಿ, 2016ರಲ್ಲಿ ಮರಳಿ ಬಂತು. ಅಲೆದಾಟ ತಪ್ಪಿತು, ಅದು ನಿಜವಾದ ಉಪಕಾರ.

ಆದರೆ ಪರೀಕ್ಷಾ ಕೊಠಡಿ ತಲುಪುವುದೇ ನಮ್ಮವರಿಗೆ ಪರೀಕ್ಷೆಯಾಗಿತ್ತು. 2020ರ ಕೋವಿಡ್ ಕಾಲದಲ್ಲಿ ವಿದೇಶದಲ್ಲೂ ಕೇಂದ್ರ ಬೇಕೆಂದು ಕೊಲ್ಲಿಯ ಪೋಷಕರು ಕೇಳಿದಾಗ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಸಂಕಟದಲ್ಲೂ ಮಕ್ಕಳು ವಿಮಾನ ಹತ್ತಿ ಭಾರತಕ್ಕೇ ಹೋಗಬೇಕಾಯಿತು. 2021ರಲ್ಲಿ ದುಬೈಗೆ ಕೇಂದ್ರ ಬಂತು, 2022ರಲ್ಲಿ ಅಬುಧಾಬಿ, ಶಾರ್ಜಾಗಳೂ ಸೇರಿದವು.

ನಮ್ಮ ಕಷ್ಟ ಹೇಳಿಕೊಂಡ ಮೇಲೆ ಊರಿನ ಮಗುವನ್ನೂ ನೆನೆಯಬೇಕಲ್ಲವೇ? 2017ರಿಂದ ನೀಟನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ನಮ್ಮ ಮಕ್ಕಳಿಗೆ ಸಿಬಿಎಸ್‌ಇ ಶಾಲೆ, ಕೋಚಿಂಗ್ ಎರಡೂ ಇವೆ. ಹಳ್ಳಿಯ ರೈತನ ಮಗಳಿಗೆ ಕೋಚಿಂಗಿನ ಶುಲ್ಕವೇ ಬೆಟ್ಟ.

ಇನ್ನೊಂದು ಮಾತು ನಮಗೆ ಕಹಿಯಾದೀತು. ಖಾಸಗಿ ಕಾಲೇಜುಗಳಲ್ಲಿ ಶೇಕಡಾ 15ರವರೆಗೆ ಎನ್‌ಆರ್‌ಐ ಸೀಟುಗಳಿಗೆ 2005ರ ಇನಾಮ್‌ದಾರ್ ತೀರ್ಪು ಅವಕಾಶ ಕೊಟ್ಟಿತು. ಅಲ್ಲಿ ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕು, ನಿಜ. ಆದರೆ ದೊಡ್ಡ ಶುಲ್ಕ ಕಟ್ಟಬಲ್ಲವರು ಕಡಿಮೆ ಅಂಕದಲ್ಲೂ ಸೀಟು ಪಡೆಯುತ್ತಾರೆ. ಅದೇ ಅಂಕದ ಹಳ್ಳಿ ಹುಡುಗಿ ಮನೆಗೆ ಮರಳುತ್ತಾಳೆ. ಪರೀಕ್ಷೆ ಒಂದೇ ಆದರೂ ಫಲ ಒಂದೇ ಅಲ್ಲ. ಅನ್ಯಾಯದ ಬಗ್ಗೆ ದೂರುವಾಗ ಈ ಅನುಕೂಲವನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು.

ಈ ದೇಶದಲ್ಲಿ ಪರವಾನಗಿ ಪಡೆಯಲು ನಾನೂ ಕಂಪ್ಯೂಟರ್ ಮುಂದೆ ಕುಳಿತವನೇ. ಅದರಲ್ಲಿ ತಪ್ಪಿದರೆ ಮತ್ತೆ ಬರೆಯಲು ವರ್ಷವಿಡೀ ಕಾಯಬೇಕಿಲ್ಲ. ನೀಟ್ ಬರೆಯುವ ದಿನ ಜ್ವರ ಬಂದರೆ ಒಂದು ವರ್ಷವೇ ಹೋದಂತೆ. ವರ್ಷಕ್ಕೆ ಎರಡು ಅವಕಾಶ, ಊರಿನ ಮಕ್ಕಳಿಗೆ ಉಚಿತ ತರಬೇತಿ, ಇವೆರಡು ಸಿಕ್ಕರೆ ಅರ್ಧ ದೂರು ತೀರುತ್ತದೆ. ತರಬೇತಿಗೆ ನಮ್ಮ ಸಂಘಗಳೂ ಕೈ ಜೋಡಿಸಬಹುದು.

ಪರೀಕ್ಷೆ ಬರೆಯುವ ನಮ್ಮೆಲ್ಲ ಮಕ್ಕಳಿಗೆ ಶುಭವಾಗಲಿ. ಸೀಟು ಸಿಗದಿದ್ದರೆ ಬೈಯಬೇಡಿ. ರೋಗಿಯ ಕೈ ಹಿಡಿದು ಧೈರ್ಯ ಹೇಳುವ ಗುಣಕ್ಕೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಅಂಕವಿಲ್ಲ.