ಮಸ್ಕಿಯ ಶಾಸನವೂ ಸಂಬಂಧಾತ್ಮಕ ದತ್ತಕೋಶವೂ: ಸ್ಥಾಪನೆ ಮತ್ತು ಪಾಲನೆಗಳ ಪರಿಚಯ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಅಶೋಕನ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. 1915ರಲ್ಲಿ ಗಣಿ ಇಂಜಿನಿಯರರಾಗಿದ್ದ ಸಿ. ಬೀಡನ್ ಅವರು ಅದನ್ನು ಕಂಡುಹಿಡಿದರು, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಹೈದರಾಬಾದಿನ ಪುರಾತತ್ತ್ವ ಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟಿಸಿದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅವರು ಬ್ರಾಹ್ಮೀಲಿಪಿಯನ್ನು ಓದಿದಾಗ ಶಿಲಾಸ್ತಂಭಗಳಲ್ಲಿ ಕಂಡುಬಂದ ಹೆಸರು ‘ದೇವಾನಾಂಪಿಯ ಪಿಯದಸಿ’ ಎಂಬುದೇ ಹೊರತು ಅಶೋಕ ಎಂಬುದಲ್ಲ. ಈ ಎರಡು ಹೆಸರುಗಳೂ ಒಬ್ಬ ಅರಸನವೇ ಎಂದು ಜಾರ್ಜ್ ಟರ್ನರ್ ಅವರು ಸಿಂಹಳದ ಪಾಲಿಗ್ರಂಥಗಳ ಆಧಾರದಿಂದ ತೋರಿಸಿಕೊಟ್ಟಿದ್ದರು. ಅದಕ್ಕೆ ಶಿಲೆಯ ಮೇಲಿನ ಸಾಕ್ಷ್ಯ ಮೊದಲು ದೊರೆತದ್ದು ಮಸ್ಕಿಯ ಬಂಡೆಯಲ್ಲಿ. ಅಲ್ಲಿ ‘ದೇವಾನಾಂಪಿಯ’ ಎಂಬ ಬಿರುದೂ ‘ಅಸೋಕ’ ಎಂಬ ಹೆಸರೂ ಒಟ್ಟಿಗೆ ಬಂದಿವೆ. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಮೊದಲಾದೆಡೆಗಳಲ್ಲಿಯೂ ಈ ಹೆಸರು ಕಂಡುಬಂದಿತು.

ಶಾಸನಗಳ ಪಟ್ಟಿಯೊಂದು, ಗ್ರಂಥಗಳ ಪಟ್ಟಿಯೊಂದು. ಎರಡನ್ನೂ ಬೆಸೆಯುವ ಒಂದು ಕೊಂಡಿ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ, ಇಂದು ಎಲ್ಲ ಶಾಸ್ತ್ರಗಳಲ್ಲಿಯೂ ಬಳಕೆಯಾಗುತ್ತಿರುವ ಸಂಬಂಧಾತ್ಮಕ ದತ್ತಕೋಶದ ತತ್ತ್ವ ಅರ್ಧದಷ್ಟು ತಿಳಿದಂತೆಯೇ ಸರಿ. ಉಳಿದರ್ಧವನ್ನು, ಎಂದರೆ ಅದನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸಿ ಪಾಲಿಸುವ ಬಗೆಯನ್ನು, ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಶಾಸನಗಳ ಒಂದು ಚಿಕ್ಕ ದತ್ತಕೋಶವನ್ನು ವಿದ್ಯಾರ್ಥಿಗಳು ಕಟ್ಟುವರೆಂದು ಇಟ್ಟುಕೊಂಡು ವಿಷಯವನ್ನು ನೋಡೋಣ.

1. ಒಂದೇ ಪಟ್ಟಿಯ ತೊಡಕು

ನಮ್ಮಲ್ಲಿ ಸಾಮಾನ್ಯವಾಗಿ ಶಾಸನಗಳ ವಿವರವನ್ನು ಒಂದು ಉದ್ದನೆಯ ಪಟ್ಟಿಯಲ್ಲಿ ಬರೆದಿಡುತ್ತೇವೆ: ಊರು, ತಾಲ್ಲೂಕು, ಜಿಲ್ಲೆ, ಅರಸ, ಕಾಲ, ಪ್ರಕಟವಾದ ಸಂಪುಟ. ಒಂದು ಊರಿನಲ್ಲಿ ಹತ್ತು ಶಾಸನಗಳಿದ್ದರೆ ತಾಲ್ಲೂಕಿನ ಹೆಸರನ್ನು ಹತ್ತು ಸಲ ಬರೆಯುತ್ತೇವೆ. ತೊಡಕು ಹುಟ್ಟುವುದು ಇಲ್ಲಿಯೇ.

1915ರಲ್ಲಿ ಮಸ್ಕಿಯು ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತು. ಆ ಲಿಂಗಸುಗೂರಾದರೂ 1905ರವರೆಗೆ ತಾನೇ ಒಂದು ಜಿಲ್ಲೆಯ ಕೇಂದ್ರವಾಗಿತ್ತು. 1956ರ ನವೆಂಬರ್ 1ರಂದು ಈ ಪ್ರದೇಶವು ಮೈಸೂರು ರಾಜ್ಯಕ್ಕೆ ಸೇರಿತು; 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 2018ರ ಸುಮಾರಿಗೆ ಮಸ್ಕಿಯೇ ಪ್ರತ್ಯೇಕ ತಾಲ್ಲೂಕಾಗಿ, ನೆರೆಯ ತಾಲ್ಲೂಕುಗಳ ಊರುಗಳು ಅದಕ್ಕೆ ಬಂದವು. ಅಶೋಕನ ಶಾಸನಗಳಿರುವ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಸ್ಥಿತಿಯೂ ಇಂಥದೇ. 1997ರಲ್ಲಿ ಕೊಪ್ಪಳ ಜಿಲ್ಲೆ ಬೇರೆಯಾಗುವ ಮೊದಲು ಅವು ರಾಯಚೂರು ಜಿಲ್ಲೆಯಲ್ಲಿದ್ದುವು. ಹಳೆಯ ಸಂಪುಟಗಳಿಂದ ಪಟ್ಟಿ ಮಾಡಿದವರು ಒಂದು ಬಗೆಯಾಗಿಯೂ ಹೊಸಬರು ಇನ್ನೊಂದು ಬಗೆಯಾಗಿಯೂ ಬರೆದಿರುತ್ತಾರೆ. ‘ಮಸ್ಕಿ ತಾಲ್ಲೂಕಿನ ಶಾಸನಗಳೆಷ್ಟು?’ ಎಂದು ಕೇಳಿದರೆ ಅಂಥ ಪಟ್ಟಿ ಕೊಡುವ ಉತ್ತರ ತಪ್ಪಾಗಿರುತ್ತದೆ. ಅದು ತಪ್ಪೆಂಬುದು ಕೇಳಿದವನಿಗೆ ಗೊತ್ತಾಗುವುದೂ ಇಲ್ಲ.

ಹೆಸರುಗಳ ಬರವಣಿಗೆಯೂ ಸ್ಥಿರವಲ್ಲ. ಲಿಂಗಸುಗೂರು, ಲಿಂಗಸೂಗೂರು, ಲಿಂಗಸಗೂರು ಎಂಬ ರೂಪಗಳು ಓದುವವನಿಗೆ ಒಂದೇ ಊರು. ಯಂತ್ರಕ್ಕೆ ಅವು ಮೂರು ಊರುಗಳು.

2. ಸಂಬಂಧಾತ್ಮಕ ರೂಪ

ಈ ಬಗೆಯ ತೊಡಕಿಗೆ ಪರಿಹಾರವನ್ನು ಸೂಚಿಸಿದವರು ಐಬಿಎಂ ಸಂಸ್ಥೆಯ ಸಂಶೋಧಕರಾಗಿದ್ದ ಇ. ಎಫ್. ಕಾಡ್ ಅವರು. 1970ರಲ್ಲಿ ಪ್ರಕಟವಾದ ಅವರ ಪ್ರಬಂಧದ ಸಾರವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು, ಬೇರೆ ಕಡೆ ಅದು ಬೇಕಾದಾಗ ಅದರ ಗುರುತನ್ನು ಮಾತ್ರ ಬರೆಯಬೇಕು.

ಇದರಂತೆ ನಮ್ಮ ಉದ್ದನೆಯ ಪಟ್ಟಿಯನ್ನು ಕೆಲವು ಕೋಷ್ಟಕಗಳಾಗಿ ಒಡೆಯಬೇಕು. ‘ಊರು’ ಎಂಬ ಕೋಷ್ಟಕದಲ್ಲಿ ಪ್ರತಿಯೊಂದು ಊರಿಗೂ ಒಂದೇ ಸಾಲು. ಆ ಸಾಲಿಗೆ ಬೇರಾವುದಕ್ಕೂ ಇಲ್ಲದ ಒಂದು ಸಂಖ್ಯೆ. ಇದನ್ನು ಮುಖ್ಯ ಕೀಲಿ ಎನ್ನುತ್ತಾರೆ. ‘ಶಾಸನ’ ಎಂಬ ಕೋಷ್ಟಕದಲ್ಲಿ ಊರಿನ ಹೆಸರಿಗೆ ಬದಲಾಗಿ ಆ ಸಂಖ್ಯೆಯನ್ನೇ ಬರೆಯುತ್ತೇವೆ. ಅಲ್ಲಿ ಅದು ಪರಕೀಲಿ ಎನಿಸಿಕೊಳ್ಳುತ್ತದೆ. ‘ಸೇರ್ಪಡೆ’ ಎಂಬ ಮೂರನೆಯ ಕೋಷ್ಟಕದಲ್ಲಿ ಯಾವ ಊರು ಯಾವ ತಾಲ್ಲೂಕಿಗೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಸೇರಿತ್ತೆಂಬುದು ಇರುತ್ತದೆ. ಹೊಸ ತಾಲ್ಲೂಕು ರಚಿತವಾದಾಗ ಈ ಕೋಷ್ಟಕಕ್ಕೆ ಒಂದೊಂದು ಸಾಲು ಸೇರಿಸಿದರೆ ಸಾಕು. ಶಾಸನಗಳ ಕೋಷ್ಟಕವನ್ನು ಮುಟ್ಟಬೇಕಾಗಿಲ್ಲ. 1915ರ ಗ್ರಂಥವನ್ನು ಹಿಡಿದು ಬಂದವನಿಗೂ ಇಂದಿನ ನಕ್ಷೆಯನ್ನು ಹಿಡಿದು ಬಂದವನಿಗೂ ಒಂದೇ ಶಾಸನ ದೊರೆಯುತ್ತದೆ.

ಹೀಗೆ ಒಡೆದುದನ್ನು ಮತ್ತೆ ಕೂಡಿಸಿ ಪ್ರಶ್ನೆ ಕೇಳುವುದಕ್ಕೆ ಎಸ್‌ಕ್ಯೂಎಲ್ ಎಂಬ ಭಾಷೆಯಿದೆ. ಅದರ ಮೊದಲ ರೂಪವನ್ನು ಐಬಿಎಂನಲ್ಲಿಯೇ ಚೇಂಬರ್ಲಿನ್ ಮತ್ತು ಬಾಯ್ಸ್ ಅವರು 1974ರಲ್ಲಿ ಪ್ರಕಟಿಸಿದರು. ‘ಇಂದು ಮಸ್ಕಿ ತಾಲ್ಲೂಕಿಗೆ ಸೇರಿದ ಊರುಗಳಲ್ಲಿ ದೊರೆತ, ಹನ್ನೊಂದನೆಯ ಶತಮಾನದ, ಇನ್ನೂ ಪ್ರಕಟವಾಗದ ಶಾಸನಗಳು ಯಾವುವು?’ ಎಂಬ ಪ್ರಶ್ನೆಯನ್ನು ಈ ಭಾಷೆಯ ನಾಲ್ಕೈದು ಸಾಲುಗಳಲ್ಲಿ ಬರೆಯಬಹುದು. ಕೀಲಿಗಳ ಮೂಲಕ ಕೋಷ್ಟಕಗಳನ್ನು ಕೂಡಿಸುವ ಈ ಕ್ರಿಯೆಗೆ ‘ಜಾಯಿನ್’ ಎಂದು ಹೆಸರು.

ಇತಿಹಾಸಕಾರನು ಇಲ್ಲಿ ಒಂದು ಎಚ್ಚರಿಕೆಯನ್ನು ವಹಿಸಬೇಕು. ಶಾಸನದಲ್ಲಿರುವ ಮಾತು ಬೇರೆ. ಅದರಿಂದ ನಾವು ಮಾಡುವ ನಿರ್ಣಯ ಬೇರೆ. ಮಸ್ಕಿಗೆ ಮಧ್ಯಕಾಲದ ಕನ್ನಡ ಶಾಸನಗಳಲ್ಲಿ ‘ಪಿರಿಯ ಮೊಸಂಗಿ’ ಎಂಬ ಹೆಸರಿದೆ. ಚಾಲುಕ್ಯ ಜಯಸಿಂಹನಿಗೂ ರಾಜೇಂದ್ರಚೋಳನಿಗೂ ಯುದ್ಧ ನಡೆಯಿತೆಂದು ಚೋಳಶಾಸನಗಳು ಹೇಳುವ ಮುಯಂಗಿ ಅಥವಾ ಮುಶಂಗಿ ಇದೇ ಎಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ, ಒಪ್ಪದವರೂ ಉಂಟು. ಹೀಗಿರುವಾಗ ಚೋಳಶಾಸನದ ಸಾಲಿನಲ್ಲಿ ‘ಮಸ್ಕಿ’ ಎಂದು ತುಂಬಿಬಿಟ್ಟರೆ ಮುಂದಿನವರು ಅದನ್ನು ಶಾಸನದ ಮಾತೆಂದೇ ತಿಳಿಯುವರು. ಆದಕಾರಣ ಶಾಸನದ ಪಾಠವನ್ನು ಇದ್ದಂತೆಯೇ ಇಟ್ಟು, ‘ಗುರುತಿಸುವಿಕೆ’ ಎಂಬ ಬೇರೊಂದು ಕೋಷ್ಟಕದಲ್ಲಿ ಯಾವ ಹೆಸರನ್ನು ಯಾವ ಊರೆಂದು ಯಾರು ಯಾವ ಗ್ರಂಥದಲ್ಲಿ ಗುರುತಿಸಿದರೆಂಬುದನ್ನು ಬರೆಯತಕ್ಕದ್ದು. ವಿರುದ್ಧವಾದ ಎರಡು ಅಭಿಪ್ರಾಯಗಳಿದ್ದರೆ ಎರಡು ಸಾಲುಗಳಿರಲಿ. ಕಾಲದ ವಿಷಯದಲ್ಲಿಯೂ ಹೀಗೆಯೇ: ಶಾಸನದಲ್ಲಿ ಶಕವರ್ಷ 949 ಎಂದಿದ್ದರೆ ಅದನ್ನು ಒಂದು ಕಾಲಮಿನಲ್ಲಿ ಹಾಗೆಯೇ ಬರೆದು, ಕ್ರಿ.ಶ. 1027–28 ಎಂಬ ನಮ್ಮ ಲೆಕ್ಕವನ್ನು ಇನ್ನೊಂದರಲ್ಲಿ ಬರೆಯಬೇಕು.

3. ಸ್ಥಾಪನೆ

ದತ್ತಕೋಶವನ್ನು ನಡೆಸುವ ಕಾರ್ಯಕ್ರಮಗಳಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್, ಮರಿಯಾಡಿಬಿ ಮುಂತಾದವು ಉಚಿತವಾಗಿ ದೊರೆಯುತ್ತವೆ. ಮೊದಲನೆಯದು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಆರಂಭವಾದ ಯೋಜನೆಯಿಂದ ಬೆಳೆದದ್ದು. ಇಲ್ಲಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡಿದೆ. ಕೆಲವು ಸಾವಿರ ಶಾಸನಗಳಿಗೆ ದೊಡ್ಡ ಯಂತ್ರ ಬೇಕಿಲ್ಲ. ಲಿನಕ್ಸ್ ಹಾಕಿದ ಒಂದು ಸಾಧಾರಣ ಕಂಪ್ಯೂಟರು ಸಾಕು. ಸರ್ವರು ಎಂದರೆ ಬೇರೆ ಜಾತಿಯ ಯಂತ್ರವಲ್ಲ. ಬೇರೆ ಕಂಪ್ಯೂಟರುಗಳಿಂದ ಬರುವ ಪ್ರಶ್ನೆಗಳಿಗೆ ಎಡೆಬಿಡದೆ ಉತ್ತರ ಕೊಡುತ್ತ ಕುಳಿತಿರುವ ಕಾರ್ಯಕ್ರಮವೇ ಸರ್ವರು.

ಕಾರ್ಯಕ್ರಮವನ್ನು ಹಾಕುವುದು ಒಂದು ಆಜ್ಞೆಯ ಕೆಲಸ. ಅನಂತರದ ಮೂರು ನಿರ್ಧಾರಗಳಲ್ಲಿ ಯೋಚನೆ ಬೇಕು.

ಮೊದಲನೆಯದು ಲಿಪಿ. ದತ್ತಕೋಶವನ್ನು ರಚಿಸುವಾಗಲೇ ಯುಟಿಎಫ್-8 ಎನ್‌ಕೋಡಿಂಗನ್ನು ಆರಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಹಾಗೆಯೇ ಸುರಿದರೆ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಾಣಿಸುತ್ತವೆ. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿನಿಂದ ಪರೀಕ್ಷಿಸಬೇಕು.

ಎರಡನೆಯದು ಅಧಿಕಾರ. ಸ್ಥಾಪಿಸಿದೊಡನೆ ‘ಪೋಸ್ಟ್‌ಗ್ರೆಸ್’ ಎಂಬ ಸರ್ವಾಧಿಕಾರವುಳ್ಳ ಬಳಕೆದಾರನೊಬ್ಬನು ಇರುತ್ತಾನೆ. ದಿನದ ಕೆಲಸಕ್ಕೆ ಈ ಹೆಸರನ್ನು ಬಳಸಬಾರದು. ಓದುವವರಿಗೆ ಓದುವ ಅಧಿಕಾರ, ಸಾಲುಗಳನ್ನು ತುಂಬುವ ವಿದ್ಯಾರ್ಥಿಗಳಿಗೆ ತುಂಬುವ ಅಧಿಕಾರ, ಕೋಷ್ಟಕಗಳನ್ನು ಬದಲಿಸುವ ಅಧಿಕಾರ ಒಬ್ಬಿಬ್ಬರಿಗೆ, ಹೀಗೆ ಹಂಚಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಆರಂಭದಲ್ಲಿ ತಾನಿರುವ ಯಂತ್ರದಿಂದ ಬಂದ ಕರೆಗಳಿಗೆ ಮಾತ್ರ ಕಿವಿಗೊಡುತ್ತದೆ. ಕಾಲೇಜಿನ ಇತರ ಕಂಪ್ಯೂಟರುಗಳಿಗೆ ಬಾಗಿಲು ತೆರೆಯುವಾಗ ಯಾವ ಯಂತ್ರಕ್ಕೆ, ಯಾವ ಬಳಕೆದಾರನಿಗೆ ಎಂಬುದನ್ನು ಹೆಸರಿಸಿಯೇ ತೆರೆಯಬೇಕು. ಲೋಕಕ್ಕೆಲ್ಲ ತೆರೆದಿಟ್ಟ ಬಾಗಿಲನ್ನು ತಟ್ಟುವವರು ಬಹು ಬೇಗ ಬರುತ್ತಾರೆ.

ಮೂರನೆಯದು ನಿರ್ಬಂಧ. ‘ಊರು’ ಕೋಷ್ಟಕದಲ್ಲಿ ಇಲ್ಲದ ಸಂಖ್ಯೆಯನ್ನು ‘ಶಾಸನ’ದಲ್ಲಿ ಬರೆಯಲು ಬಿಡಬಾರದು, ಶಾಸನಗಳಿರುವ ಊರನ್ನು ಅಳಿಸಲು ಬಿಡಬಾರದು, ವರ್ಷದ ಕಾಲಮಿನಲ್ಲಿ ಅಂಕೆಯಲ್ಲದುದನ್ನು ಸ್ವೀಕರಿಸಬಾರದು. ಇವನ್ನು ಬರೆಯುವವರ ಎಚ್ಚರಿಕೆಗೆ ಬಿಡದೆ ದತ್ತಕೋಶಕ್ಕೇ ವಿಧಿಸಬಹುದು. ಹತ್ತು ವಿದ್ಯಾರ್ಥಿಗಳು ಸೇರಿ ತುಂಬುವ ಕೋಶದಲ್ಲಿ ಇದರ ಬೆಲೆ ಬಹಳ ದೊಡ್ಡದು.

4. ಪಾಲನೆ

ಸ್ಥಾಪನೆ ಒಂದು ದಿನದ ಕೆಲಸವಾದರೆ ಪಾಲನೆ ಎಲ್ಲ ದಿನಗಳ ಕೆಲಸ. ಸರ್ವರು ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳುತ್ತದೆಂಬುದನ್ನು ಮೊದಲು ತಿಳಿಯಬೇಕು. ಸಿಂಧನೂರಿನಂಥ ಭತ್ತದ ಪೇಟೆಯಲ್ಲಿ ಕಿರ್ದಿ, ಖತಾವಣಿಗಳನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಿರ್ದಿಯಲ್ಲಿ ಆಯಾ ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿ ಬರೆದು, ಅನಂತರ ಖತಾವಣಿಯಲ್ಲಿ ಆಯಾ ಖಾತೆಗೆ ಏರಿಸುವುದು ಹಳೆಯ ಪದ್ಧತಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಕೂಡ ಪ್ರತಿಯೊಂದು ಬದಲಾವಣೆಯನ್ನು ಮೊದಲು ಒಂದು ದಾಖಲೆ ಕಡತದಲ್ಲಿ ಬರೆದು, ಆಮೇಲೆ ಕೋಷ್ಟಕಗಳ ಕಡತಕ್ಕೆ ಏರಿಸುತ್ತದೆ. ನಡುವೆ ವಿದ್ಯುತ್ತು ಹೋದರೆ, ಮತ್ತೆ ಆರಂಭವಾದಾಗ ದಾಖಲೆಯನ್ನು ನೋಡಿಕೊಂಡು ಪೂರ್ಣವಾದ ವಹಿವಾಟುಗಳನ್ನು ಏರಿಸಿ, ಅರ್ಧಕ್ಕೆ ನಿಂತವನ್ನು ಕೈಬಿಡುತ್ತದೆ. ಹಾಗೆಂದು ಯುಪಿಎಸ್ ಅನಾವಶ್ಯಕವೆಂದಲ್ಲ. ಪದೇ ಪದೇ ವಿದ್ಯುತ್ತು ಹೋದರೆ ಡಿಸ್ಕೇ ಕೆಡಬಹುದು.

ಆದರೆ ಕೆಟ್ಟ ಡಿಸ್ಕು, ಕಳವು, ಬೆಂಕಿ, ಅಳಿಸಬಾರದುದನ್ನು ಅಳಿಸುವ ಕೈ, ಇವುಗಳಿಗೆ ಈ ದಾಖಲೆ ಮದ್ದಲ್ಲ. ಅದಕ್ಕೆ ಬ್ಯಾಕಪ್ ಬೇಕು. ‘ಪಿಜಿ-ಡಂಪ್’ ಎಂಬ ಸಾಧನವು ಇಡೀ ದತ್ತಕೋಶವನ್ನು ಒಂದು ಕಡತಕ್ಕೆ ಇಳಿಸಿಕೊಡುತ್ತದೆ. ಪ್ರತಿ ರಾತ್ರಿ ತಾನಾಗಿಯೇ ನಡೆಯುವಂತೆ ಅದನ್ನು ಏರ್ಪಡಿಸಬಹುದು. ಆ ಕಡತವನ್ನು ಅದೇ ಯಂತ್ರದಲ್ಲಿಟ್ಟರೆ ಪ್ರಯೋಜನವಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿಯೇ ಮಸ್ಕಿಯಿದೆ. ಮೂರು ಊರುಗಳ ಕಾಲೇಜುಗಳು ಒಂದೊಂದು ಪ್ರತಿಯನ್ನು ಇಟ್ಟುಕೊಂಡರೆ ಒಂದೆಡೆಯ ಅನಾಹುತ ಇನ್ನೊಂದೆಡೆಗೆ ತಟ್ಟುವುದಿಲ್ಲ. ಶಾಸನಶಾಸ್ತ್ರ ಬಲ್ಲವರಿಗೆ ಈ ಮಾತು ಹೊಸದಲ್ಲ. ಮಸ್ಕಿಯ ಬಂಡೆಯಲ್ಲಿ ಅಕ್ಷರಗಳು ಅಲ್ಲಲ್ಲಿ ಸವೆದುಹೋಗಿವೆ. ಅಶೋಕನು ಅದೇ ಶಾಸನವನ್ನು ರೂಪನಾಥ, ಸಹಸ್ರಾಮ್, ಬ್ರಹ್ಮಗಿರಿ ಮುಂತಾದ ದೂರದೂರದ ಎಡೆಗಳಲ್ಲಿ ಬರೆಯಿಸಿದ್ದರಿಂದಲೇ ಅಳಿದ ಭಾಗವನ್ನು ಊಹಿಸಿ ತುಂಬಲು ಸಾಧ್ಯವಾಯಿತು.

ಬ್ಯಾಕಪ್ ತೆಗೆದರೆ ಕೆಲಸ ಮುಗಿಯಲಿಲ್ಲ. ಆ ಕಡತದಿಂದ ದತ್ತಕೋಶವನ್ನು ಮತ್ತೆ ಎಬ್ಬಿಸಲು ಬರುತ್ತದೆಯೇ ಎಂಬುದನ್ನು ತಿಂಗಳಿಗೊಮ್ಮೆಯಾದರೂ ಬೇರೊಂದು ಯಂತ್ರದಲ್ಲಿ ಮಾಡಿ ನೋಡಬೇಕು. ಸಾಲುಗಳ ಸಂಖ್ಯೆ ಸರಿಯಾಗಿದೆಯೇ, ಕನ್ನಡ ಅಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಪರೀಕ್ಷಿಸಿ, ಫಲವನ್ನು ಒಂದು ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಡಬೇಕು. ಹೀಗೆ ಪರೀಕ್ಷಿಸದ ಬ್ಯಾಕಪ್ಪನ್ನು ನಂಬುವಂತಿಲ್ಲ.

ಇನ್ನೆರಡು ಕೆಲಸಗಳುಂಟು. ಒಂದು ಸಾಲನ್ನು ತಿದ್ದಿದಾಗ ಅದರ ಹಳೆಯ ರೂಪ ಕೂಡಲೇ ಮಾಯವಾಗದೆ ಕಡತದಲ್ಲಿ ಉಳಿದಿರುತ್ತದೆ. ಅದು ಬೇಡವಾದ ಮೇಲೆ ಆ ಜಾಗವನ್ನು ಬಿಡಿಸಿಕೊಳ್ಳುವ ‘ವ್ಯಾಕ್ಯೂಮ್’ ಎಂಬ ಕ್ರಿಯೆ ತಾನಾಗಿಯೇ ನಡೆಯುತ್ತದೆ, ಅದನ್ನು ನಿಲ್ಲಿಸಬಾರದು. ಎರಡನೆಯದಾಗಿ, ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಮುಖ್ಯ ಆವೃತ್ತಿಯೊಂದು ವರ್ಷಕ್ಕೊಮ್ಮೆ ಹೊರಬರುತ್ತದೆ. ಪ್ರತಿಯೊಂದು ಆವೃತ್ತಿಗೂ ಸುಮಾರು ಐದು ವರ್ಷ ಮಾತ್ರ ದೋಷಪರಿಹಾರಗಳು ದೊರೆಯುತ್ತವೆ. ಅಷ್ಟರೊಳಗೆ, ಬ್ಯಾಕಪ್ ತೆಗೆದುಕೊಂಡು, ಹೊಸ ಆವೃತ್ತಿಗೆ ಹೋಗಬೇಕು.

5. ಕಲಿಕೆಯ ಕ್ರಮ

ಸ್ನಾತಕೋತ್ತರ ವಿದ್ಯಾರ್ಥಿಗಳು ಇದನ್ನು ಒಂದು ಅವಧಿಯಲ್ಲಿ ಕಲಿಯಬಹುದು. ಮೊದಲು ಒಂದು ಹೋಬಳಿಯ ಇಪ್ಪತ್ತು ಶಾಸನಗಳನ್ನು ಆರಿಸಿಕೊಂಡು ಕೋಷ್ಟಕಗಳನ್ನು ಕಾಗದದ ಮೇಲೆ ಬರೆಯಲಿ. ಎಲ್ಲಿ ಒಂದೇ ಸಂಗತಿಯನ್ನು ಎರಡು ಸಲ ಬರೆದಿದ್ದಾರೆಂಬುದನ್ನು ಪರಸ್ಪರ ತಿದ್ದಿಕೊಳ್ಳಲಿ. ಆಮೇಲೆ ಸರ್ವರನ್ನು ಸ್ಥಾಪಿಸಿ, ತುಂಬಿ, ಪ್ರಶ್ನೆಗಳನ್ನು ಕೇಳಲಿ. ಕೊನೆಗೆ ಅಧ್ಯಾಪಕರು, ಬ್ಯಾಕಪ್ ಪ್ರತಿಗಳು ಬೇರೆಡೆ ಇವೆಯೆಂದು ಖಚಿತಪಡಿಸಿಕೊಂಡು, ಅಭ್ಯಾಸದ ದತ್ತಕೋಶವನ್ನು ಪೂರ್ತಿ ಅಳಿಸಿಹಾಕಲಿ. ವಿದ್ಯಾರ್ಥಿಗಳು ಅದನ್ನು ಮತ್ತೆ ಎಬ್ಬಿಸಿ ತೋರಿಸಲಿ. ಇದೇ ಅವರ ಪರೀಕ್ಷೆ.

ದತ್ತಕೋಶವು ಶಾಸನವನ್ನು ಓದಿಕೊಡುವುದಿಲ್ಲ. ತಪ್ಪು ಓದಿದ್ದರೆ ತಪ್ಪನ್ನೇ ನಿಷ್ಠೆಯಿಂದ ಹಿಂದಿರುಗಿಸುತ್ತದೆ. ಹೊಲದ ಬದುವಿನಲ್ಲಿಯೂ ದೇವಸ್ಥಾನದ ಗೋಡೆಯಲ್ಲಿಯೂ ಇರುವ ಕಲ್ಲುಗಳು ಮನೆ ಕಟ್ಟುವವರ, ರಸ್ತೆ ಮಾಡುವವರ ಕೈಗೆ ಸಿಕ್ಕಿ ಕಾಣೆಯಾಗುವುದುಂಟು. ಅಂಥ ಕಲ್ಲಿನ ವಿಷಯದಲ್ಲಿ ನಾವು ಬರೆದಿಟ್ಟ ಸಾಲೇ ಮುಂದಿನವರಿಗೆ ಉಳಿಯುವ ಆಧಾರ. ಆ ಸಾಲನ್ನು ಎಲ್ಲಿ ಬರೆದಿದ್ದೇವೆ, ಯಾವುದಕ್ಕೆ ಕೊಂಡಿ ಹಾಕಿದ್ದೇವೆ, ಅದರ ಪ್ರತಿ ಎಷ್ಟು ಕಡೆ ಇದೆ ಎಂಬುದನ್ನು ನೋಡಿಕೊಳ್ಳುವುದು ಕಂಪ್ಯೂಟರು ವಿಭಾಗದವರ ಕೆಲಸವೆಂದು ಇತಿಹಾಸ ವಿಭಾಗಗಳು ಸುಮ್ಮನಿರುವುದು ಯುಕ್ತವಲ್ಲ.