ಅಲೆಕ್ಸಾಂಡ್ರಿಯದ ಆದಿ ಬಿಷಪರು

‘ಪೋಪ್’ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ರೋಮ್ ನಗರ. ಆದರೆ ಈ ಪದದ ಮೂಲವಾದ ‘ಪಾಪಾ’, ಅಂದರೆ ಅಪ್ಪ, ಎಂಬ ಗೌರವನಾಮವು ಮೂರನೆಯ ಶತಮಾನದಲ್ಲಿಯೇ ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಿಷಪರಿಗೆ ಸಲ್ಲುತ್ತಿತ್ತು. ‘ಬಿಷಪ್’ ಎಂಬುದಕ್ಕೆ ಮೂಲವಾದ ಗ್ರೀಕ್ ಪದದ ಅರ್ಥ ಮೇಲ್ವಿಚಾರಕ ಎಂದಷ್ಟೆ.

ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರನು ಸ್ಥಾಪಿಸಿದ ಈ ನಗರಕ್ಕೆ ಕ್ರೈಸ್ತಧರ್ಮವನ್ನು ತಂದವನು ಸಂತ ಮಾರ್ಕನೆಂಬುದು ಸಂಪ್ರದಾಯದ ನಂಬಿಕೆ. ನಾಲ್ಕನೆಯ ಶತಮಾನದ ಆದಿಯಲ್ಲಿ ಚರ್ಚಿನ ಇತಿಹಾಸ ಬರೆದ ಯುಸೀಬಿಯಸನು ಮಾರ್ಕನ ನಂತರದ ಬಿಷಪರನ್ನು ಅನ್ನಿಯಾನಸನಿಂದ ಆರಂಭಿಸಿ ಪಟ್ಟಿಮಾಡಿದ್ದಾನೆ. ಮೊದಲ ಹತ್ತು ಮಂದಿಯ ಬಗೆಗೆ ಹೆಸರು ಮತ್ತು ಅಧಿಕಾರಾವಧಿಗಳನ್ನು ಬಿಟ್ಟರೆ ಹೆಚ್ಚೇನೂ ದೊರೆಯದು. ಸುಮಾರು 189ರಲ್ಲಿ ಪೀಠವೇರಿದ ಡಿಮಿಟ್ರಿಯಸನಿಂದ ಚಿತ್ರ ಸ್ಪಷ್ಟವಾಗುತ್ತದೆ. ಹದಿಹರೆಯದ ಆರಿಜೆನನಿಗೆ ಧರ್ಮಬೋಧನೆಯ ಹೊಣೆಯನ್ನು ಒಪ್ಪಿಸಿದವನು ಇವನೇ. ಮುಂದೆ ಆ ಮಹಾವಿದ್ವಾಂಸನೊಡನೆ ಮುನಿದವನೂ ಇವನೇ.

ಸುಮಾರು 247ರಲ್ಲಿ ಬಿಷಪನಾದ ಡಯೊನೀಸಿಯಸನ ಕಾಲ ಕಠಿಣ ಪರೀಕ್ಷೆಯದು. ಪ್ರಜೆಗಳೆಲ್ಲರೂ ರೋಮನ್ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಚಕ್ರವರ್ತಿ ಡೀಸಿಯಸನ ಆಜ್ಞೆಯಾಯಿತು. ಅಂತಹ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಇಂದಿಗೂ ಉಳಿದು ನಮಗೆ ದೊರೆತಿವೆ. ಹಲವು ಕ್ರೈಸ್ತರು ಅಂಜಿ ಮಣಿದರು. ಪಶ್ಚಾತ್ತಾಪಪಟ್ಟು ಬಂದವರನ್ನು ಮರಳಿ ಸೇರಿಸಿಕೊಳ್ಳಬೇಕೆ? ಬೇಡವೆಂದು ಹಟ ಹಿಡಿದವರಿದ್ದರು. ಡಯೊನೀಸಿಯಸನು ಕರುಣೆಯ ಪಕ್ಷವನ್ನು ವಹಿಸಿದನು. ನಗರಕ್ಕೆ ಸಾಂಕ್ರಾಮಿಕ ರೋಗ ಬಡಿದಾಗ ರೋಗಿಗಳ ಶುಶ್ರೂಷೆ ಮಾಡುತ್ತಲೇ ಮಡಿದ ತನ್ನವರನ್ನು ಅವನ ಪತ್ರವೊಂದು ಸ್ಮರಿಸುತ್ತದೆ. ಇತರರು ರೋಗಿಗಳನ್ನು ಹೊರದೂಡಿದರೆಂಬ ಅವನ ಮಾತನ್ನು ಮಾತ್ರ ಒಂದು ಪಕ್ಷದ ಸಾಕ್ಷ್ಯವೆಂದೇ ಓದಬೇಕು.

ಈಸ್ಟರ್ ಹಬ್ಬದ ದಿನ ವರ್ಷ ವರ್ಷವೂ ಬದಲಾಗುವುದರಿಂದ, ಅದನ್ನು ತಿಳಿಸುವ ಪತ್ರವನ್ನು ಈಜಿಪ್ಟಿನ ಚರ್ಚುಗಳಿಗೆ ಕಳುಹಿಸುವುದು ಇಲ್ಲಿನ ಬಿಷಪರ ವಾಡಿಕೆಯಾಯಿತು. 328ರಲ್ಲಿ ಬಿಷಪನಾದ ಅಥನೇಸಿಯಸನು ಕ್ರಿಸ್ತನ ದೈವತ್ವದ ವಿವಾದದಲ್ಲಿ ರಾಜಸತ್ತೆಯನ್ನು ಎದುರುಹಾಕಿಕೊಂಡು ಐದು ಬಾರಿ, ಒಟ್ಟು ಸುಮಾರು 17 ವರ್ಷ, ನಗರವನ್ನು ತೊರೆದಿರಬೇಕಾಯಿತು. ಅವನು 367ರಲ್ಲಿ ಬರೆದ ಹಬ್ಬದ ಪತ್ರದಲ್ಲಿ ಇಂದಿನ ಹೊಸ ಒಡಂಬಡಿಕೆಯ 27 ಪುಸ್ತಕಗಳ ಹೆಸರುಗಳಿವೆ. ಹೆಚ್ಚೂ ಇಲ್ಲದೆ, ಕಡಿಮೆಯೂ ಇಲ್ಲದೆ ಅಷ್ಟನ್ನೇ ಹೇಳುವ, ನಮಗೆ ತಿಳಿದಿರುವ ಮೊದಲ ಪಟ್ಟಿ ಅದು.

ಈಜಿಪ್ಟಿನ ಕಾಪ್ಟಿಕ್ ಚರ್ಚಿನ ಮುಖ್ಯಸ್ಥರು ಇಂದಿಗೂ ‘ಅಲೆಕ್ಸಾಂಡ್ರಿಯದ ಪೋಪ್’ ಎನಿಸಿಕೊಳ್ಳುತ್ತಾರೆ. ಆದಿಯ ಹತ್ತು ಮಂದಿ ಹೆಸರಾಗಿಯಷ್ಟೇ ಉಳಿದರು. ಸಂಕಟದ ನಡುವೆಯೂ ಪತ್ರ ಬರೆದವರು ಮನುಷ್ಯರಾಗಿ ನಮ್ಮೆದುರು ನಿಲ್ಲುತ್ತಾರೆ.