ಜೀನಿನ ಮೇಲೆ ಜೀನ್ಸ್ ಬೇಡ!

ನಾನು ಮೈಸೂರಿನಲ್ಲಿ ಬೆಳೆಯುತ್ತಿದ್ದಾಗ ಕಂಡ ಕುದುರೆಗಳು ಎರಡೇ ಬಗೆ: ಟಾಂಗಾ ಎಳೆಯುವುದು, ದಸರಾ ಮೆರವಣಿಗೆಯಲ್ಲಿ ಪೊಲೀಸರು ಏರುವುದು. ಹತ್ತಿ ಕೂರುವ ಯೋಗ ನಮಗಿರಲಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಆ ಯೋಗವಿದೆ. ಶನಿವಾರ ಬೆಳಿಗ್ಗೆ ಕನ್ನಡ ತರಗತಿ, ಮಧ್ಯಾಹ್ನ ಕುದುರೆ ಸವಾರಿ ಎನ್ನುವ ಮನೆಗಳು ನಮ್ಮಲ್ಲೇ ಹಲವಿವೆ. ತಂದೆತಾಯಂದಿರು ಹೆಲ್ಮೆಟ್ ಬಗ್ಗೆ ನನ್ನನ್ನು ವಿಚಾರಿಸುತ್ತಾರೆ. ಕಾಲಿಗೆ ಏನು ತೊಡಿಸಬೇಕೆಂದು ಕೇಳುವವರು ಅಪರೂಪ. ಮೂರನೇ ಪಾಠಕ್ಕೇ "ನಾನು ಹೋಗಲ್ಲ" ಎಂದು ಮಗು ಹಟ ಹಿಡಿದರೆ, ಕಾರಣ ಪ್ಯಾಂಟಿನ ಒಳಗೇ ಇರಬಹುದು.

ಕುದುರೆ ಟ್ರಾಟ್ ನಡಿಗೆಯಲ್ಲಿ ಓಡುವಾಗ ಸವಾರ ಅದರ ಹೆಜ್ಜೆಗೆ ತಕ್ಕಂತೆ ಎದ್ದು ಕೂರಬೇಕು. ಒಂದೇ ಪಾಠದಲ್ಲಿ ಇದು ನೂರಾರು ಸಲ. ಪ್ರತಿ ಸಲವೂ ಮಂಡಿ, ತೊಡೆಯ ಒಳಬದಿ ಜೀನಿಗೆ ಉಜ್ಜುತ್ತವೆ. ಒತ್ತಡ, ಉಜ್ಜಾಟ, ಬೆವರು ಮೂರೂ ಸೇರಿದರೆ ಚರ್ಮ ತರಚುತ್ತದೆ. ಜೀನ್ಸಿನ ದಪ್ಪ ಹೊಲಿಗೆ ಸರಿಯಾಗಿ ಅದೇ ಜಾಗದಲ್ಲಿ ಬರುತ್ತದೆ. ಇಲ್ಲಿನ ಮಳೆಗೆ ನೆನೆದರಂತೂ ಕೇಳುವುದೇ ಬೇಡ!

ವೈದ್ಯನಾಗಿ ಒಂದು ಮಾತು. ನಮ್ಮ ಕಂದು ಮೈಬಣ್ಣದಲ್ಲಿ ತರಚಿದ ಕೆಂಪು ಸುಲಭವಾಗಿ ಕಾಣುವುದಿಲ್ಲ. "ಏನೂ ಆಗಿಲ್ಲ, ಸೋಮಾರಿತನ" ಎಂದು ಗದರಬೇಡಿ. ಮುಟ್ಟಿ ನೋಡಿ, ಬಿಸಿಯಾಗಿದ್ದರೆ, ಮಗು ಕಾಲು ಎಳೆದುಕೊಂಡರೆ ಅದು ಗಾಯವೇ. ತಣ್ಣೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ವ್ಯಾಸಲೀನ್ ಹಚ್ಚಿ. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ. ವಾಸಿಯಾಗುವವರೆಗೆ ಸವಾರಿಗೆ ರಜೆ.

ಸರಿಯಾದ ಉಡುಪು ಜೋಧ್‌ಪುರ್ಸ್. ಹೆಸರೇ ಹೇಳುವಂತೆ ಇದರ ತವರು ನಮ್ಮ ದೇಶ. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವಕ್ಕೆ ಜೋಧ್‌ಪುರದ ಸರ್ ಪ್ರತಾಪ್ ಸಿಂಗ್ ಪೋಲೋ ತಂಡದೊಂದಿಗೆ ಬಂದಾಗ ಇಲ್ಲಿನವರ ಕಣ್ಣು ಈ ಉಡುಪಿನ ಮೇಲೆ ಬಿತ್ತು. ಅದೇ ಜೋಧ್‌ಪುರದ ಲ್ಯಾನ್ಸರ್‌ಗಳೊಡನೆ ಸೇರಿ ನಮ್ಮ ಮೈಸೂರು ಲ್ಯಾನ್ಸರ್‌ಗಳು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದರು. ಹೀಗಾಗಿ ಕುದುರೆ ಸವಾರಿ ನಮಗೇನೂ ಪರಕೀಯವಲ್ಲ!

ಆಗಿನ ಜೋಧ್‌ಪುರ್ಸ್ ತೊಡೆಯ ಬಳಿ ಬುರುಬುರು ಅಗಲ. ಹಿಗ್ಗುವ ಬಟ್ಟೆ ಆಗಿರಲಿಲ್ಲ. ಈಗಿನದು ಮೈಗೆ ಅಂಟಿ, ಕಾಲು ಮಡಚಿದಂತೆ ಹಿಗ್ಗುತ್ತದೆ. ಅಂಗಡಿಯಲ್ಲಿ ಮೊದಲು ಒಳಗಿನ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ. ಮಂಡಿಯ ಬಳಿ ಗಂಟು ತಾಗಬಾರದು. ಮಗುವನ್ನು ಕುಕ್ಕರಗಾಲಿನಲ್ಲಿ ಕೂರಿಸಿ. ಸೊಂಟ ಜಾರಬಾರದು, ಮಂಡಿ ಬಿಗಿಯಬಾರದು. ಒಳಉಡುಪೂ ಹೊಲಿಗೆ ಕಡಿಮೆ ಇರುವುದೇ ಆಗಲಿ. ಸಾಧಾರಣ ಲೆಗಿಂಗ್ಸ್ ಮೊದಲ ಪಾಠಕ್ಕೆ ಸಾಕು, ಆದರೆ ಜೀನಿನ ಮೇಲೆ ಜಾರುತ್ತದೆ.

ಮೀನಖಂಡವನ್ನು ರಿಕಾಪಿನ ಚರ್ಮದ ಪಟ್ಟಿ ಚಿವುಟುತ್ತದೆ. ಮಂಡಿಯವರೆಗಿನ ಕಾಲುಚೀಲ ಬೇಕೇ ಬೇಕು. ಮಗು ಪಾಠ ಮುಂದುವರಿಸಿದರೆ ಹಾಫ್ ಚಾಪ್ಸ್ ಕೊಳ್ಳಬಹುದು. ಬೂಟಿಗೆ ಚಿಕ್ಕ ಹಿಮ್ಮಡಿ ಇರಲೇಬೇಕು. ಹಿಮ್ಮಡಿಯಿಲ್ಲದ ಟ್ರೈನರ್ಸ್ ತೊಟ್ಟರೆ ಪಾದ ರಿಕಾಪಿನೊಳಗೆ ಪೂರ್ತಿ ತೂರಿ, ಬಿದ್ದಾಗ ಕುದುರೆ ಎಳೆದೊಯ್ಯುವ ಅಪಾಯವಿದೆ. ದಪ್ಪ ಅಚ್ಚಿನ ಅಡಿಯಿರುವ ವೆಲ್ಲಿಂಗ್ಟನ್ ಬೂಟು ಸಿಕ್ಕಿಕೊಳ್ಳಬಹುದು.

ಮಕ್ಕಳನ್ನು ನೋಡಿ ತಾವೂ ಕಲಿಯಹೊರಟ ನನ್ನ ವಯಸ್ಸಿನವರೇ, ಸಕ್ಕರೆ ಕಾಯಿಲೆಯಿದ್ದರೆ ಪಾಠ ಮುಗಿದೊಡನೆ ಬೂಟು ಬಿಚ್ಚಿ ಪಾದ ನೋಡಿಕೊಳ್ಳಿ. ಜೋಮು ಹಿಡಿದ ಕಾಲಿಗೆ ಗುಳ್ಳೆ ಎದ್ದದ್ದು ಗೊತ್ತಾಗುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಸಾಕು. ಮಕ್ಕಳು ಬೇಗ ಬೆಳೆಯುತ್ತಾರೆ. ಜೋಧ್‌ಪುರ್ಸ್ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಲಿ. ಹೆಲ್ಮೆಟ್ ಮಾತ್ರ ಹೊಸದೇ ಇರಲಿ, ಹಳೆಯದರ ಒಳಪೆಟ್ಟು ಕಣ್ಣಿಗೆ ಕಾಣದು. ಮುಂದಿನ ಶನಿವಾರ "ಎಷ್ಟು ಓಡಿಸಿದೆ ಪುಟ್ಟಾ?" ಎಂದು ಕೇಳುವ ಮೊದಲು, "ಎಲ್ಲಾದರೂ ಉರೀತಿದೆಯಾ?" ಎಂದು ಕೇಳಿ.